ಅಜ್ಜಿಯ ಕೈಯ ಚರ್ಮ ಹರಿದರೆ ಕತ್ತರಿ ಹುಡುಕಬೇಡಿ

ವಯಸ್ಸಾದವರ ಚರ್ಮ ಹರಿಯಲು ದೊಡ್ಡ ಪೆಟ್ಟೇ ಬೇಕಾಗಿಲ್ಲ. ಮಂಚದ ಮೂಲೆ, ಮುರಕಲ್ಲಿನ ಗೋಡೆ, ಎಬ್ಬಿಸಿ ಕೂರಿಸುವಾಗ ಸೊಸೆಯ ಕೈಬಳೆ ಇಷ್ಟು ತಾಗಿದರೂ ಸಾಕು. ಮುಂಗೈಯಲ್ಲೋ ಮೊಣಕಾಲಿನ ಕೆಳಗೋ ತೆಳ್ಳಗಿನ ಪದರವೊಂದು ಎದ್ದು ಬರುತ್ತದೆ. ರಕ್ತ ನೋಡಿದ ಕೂಡಲೇ ಮನೆಯವರಿಗೆ ಗಾಬರಿ. ಒಬ್ಬರು ಎದ್ದ ಚರ್ಮವನ್ನು ಕತ್ತರಿಸಿ ಬಿಸಾಡುತ್ತಾರೆ, ಇನ್ನೊಬ್ಬರು ಅಂಟುವ ಪ್ಲಾಸ್ಟರ್ ತಂದು ಮೇಲಿಂದ ಒತ್ತಿಬಿಡುತ್ತಾರೆ. ನಮ್ಮ ಕಾಸರಗೋಡಿನ ಕುಂಬಳೆಯಿಂದ ಮುಳ್ಳೇರಿಯವರೆಗೆ ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಈ ಬರಹ.

ಚರ್ಮದ ಮೇಲಿನ ಪದರ ಕೆಳಗಿನ ಪದರಕ್ಕೆ ಹಲ್ಲುಹಲ್ಲಾಗಿ ಕಚ್ಚಿಕೊಂಡಿರುತ್ತದೆ. ಪ್ರಾಯ ಆದ ಹಾಗೆ ಆ ಹಲ್ಲುಗಳು ಚಪ್ಪಟೆಯಾಗುತ್ತವೆ, ಅಡಿಯ ಕೊಬ್ಬೂ ಕರಗುತ್ತದೆ. ದಮ್ಮಿಗೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ, ಅಂಗಳದ ಬಿಸಿಲಲ್ಲಿ ಅಡಿಕೆ ಒಣಗಿಸುತ್ತಲೇ ಮುದುಕರಾದವರಲ್ಲಿ ಇದು ಇನ್ನೂ ಜಾಸ್ತಿ. ಕೈಮೇಲೆ ಸುಮ್ಮಸುಮ್ಮನೆ ನೇರಳೆ ಕಲೆ ಬೀಳುತ್ತಿದೆಯಾ? ಹಾಗಾದರೆ ಚರ್ಮ ಹರಿಯುವಷ್ಟು ತೆಳುವಾಗಿದೆ ಎಂದೇ ತಿಳಿಯಿರಿ.

ಮೊದಲು ರಕ್ತ ನಿಲ್ಲಿಸಿ. ಶುಭ್ರ ಬಟ್ಟೆಯನ್ನು ಮಡಚಿ ಮೆಲ್ಲನೆ ಒತ್ತಿ ಹಿಡಿಯಿರಿ, ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ. ಹತ್ತು ನಿಮಿಷ ಬಿಡದೆ ಒತ್ತಬೇಕು, ನಿಮಿಷಕ್ಕೊಮ್ಮೆ ಎತ್ತಿ ನೋಡಬಾರದು. ಹತ್ತಿ ಬೇಡ, ಅದರ ಎಳೆ ಗಾಯಕ್ಕೆ ಅಂಟುತ್ತದೆ. ಗಾಯವಾದರೆ ಕಮ್ಯುನಿಸ್ಟ್ ಸೊಪ್ಪು ಎಂಬ ಕಳೆಗಿಡದ ಎಲೆ ಜಜ್ಜಿ ಹಾಕುವುದು ನಮ್ಮ ಕಡೆಯ ಹಳೇ ಅಭ್ಯಾಸ. ತೋಟದಲ್ಲಿ ಕತ್ತಿ ತಾಗಿದಾಗ ನೀವು ಏನು ಬೇಕಾದರೂ ಮಾಡಿಕೊಳ್ಳಿ, ಈ ಗಾಯಕ್ಕೆ ಮಾತ್ರ ಸೊಪ್ಪೂ ಬೇಡ, ಅರಶಿನವೂ ಬೇಡ, ಕಾಫಿ ಪುಡಿಯಂತೂ ಬೇಡವೇ ಬೇಡ.

ಆಮೇಲೆ ತೊಳೆಯಿರಿ. ಮೆಡಿಕಲಿನಲ್ಲಿ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತದೆ, ದುಬಾರಿಯೇನಲ್ಲ. ಇಲ್ಲದಿದ್ದರೆ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ. ಡೆಟಾಲ್, ಸ್ಪಿರಿಟ್, ನೊರೆ ಬರುವ ಪೆರಾಕ್ಸೈಡ್ ಇವೆಲ್ಲ ಬದುಕಿರುವ ಜೀವಕೋಶಗಳನ್ನೂ ಸುಡುತ್ತವೆ. ಉರಿದರೆ ಮದ್ದು ಹಿಡಿದಿದೆ ಅಂತ ನಂಬುವವರು ಈಗಲೂ ಇದ್ದಾರೆ, ಅಲ್ವಾ!

ಇನ್ನು ಎಲ್ಲರೂ ಕೆಡಿಸುವ ಕೆಲಸ. ಹರಿದ ಪದರ ಅಂಚಿನಲ್ಲಿ ಇನ್ನೂ ಅಂಟಿಕೊಂಡಿರುತ್ತದೆ, ಬಾಣಲೆಯಲ್ಲಿ ಮಡಚಿಕೊಂಡ ನೀರುದೋಸೆಯ ಹಾಗೆ. ಅದು ಸತ್ತ ಚರ್ಮ ಅಲ್ಲ. ಗಾಯದ ಮೇಲೆ ಹೊದಿಸಲು ಅದಕ್ಕಿಂತ ಒಳ್ಳೆಯ ಬ್ಯಾಂಡೇಜ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕೈ ತೊಳೆದು ಗ್ಲೌಸ್ ಹಾಕಿಕೊಳ್ಳಿ. ಒಳ್ಳೆಯ ಬೆಳಕು ಬೇಕು. ಮೊಬೈಲ್ ಟಾರ್ಚ್ ಹಿಡಿಯಲು, ಅಜ್ಜಿಯ ಕೈ ಅಲ್ಲಾಡದಂತೆ ನೋಡಿಕೊಳ್ಳಲು ಮನೆಯ ಇನ್ನೊಬ್ಬರನ್ನು ಕರೆಯಿರಿ. ಪದರದ ಅಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ದರೆ ಸಲೈನ್ ಹರಿಸಿ ತೆಗೆಯಿರಿ. ಪದರ ಒಣಗಿ ಸುರುಟಿದ್ದರೆ ಮುಟ್ಟಲು ಹೋಗಬೇಡಿ. ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಐದರಿಂದ ಹತ್ತು ನಿಮಿಷ ಮೇಲಿಡಿ, ಮೆತ್ತಗಾಗುತ್ತದೆ. ಆಮೇಲೆ ಒದ್ದೆ ಮಾಡಿದ ಇಯರ್ ಬಡ್ ತೆಗೆದುಕೊಳ್ಳಿ. ಪದರ ಎಲ್ಲಿ ಅಂಟಿಕೊಂಡಿದೆಯೋ ಅಲ್ಲಿಂದ ಶುರುಮಾಡಿ ತುದಿಯ ಕಡೆಗೆ ಬಡ್ಡನ್ನು ಉರುಳಿಸುತ್ತಾ ಹೋಗಿ. ಉಜ್ಜುವುದಲ್ಲ, ಉರುಳಿಸುವುದು. ಒಳಕ್ಕೆ ಮಡಚಿದ ಅಂಚನ್ನು ಬಿಡಿಸದೆ ಒತ್ತಿದರೆ ಅದು ಅಲ್ಲೇ ಕೊಳೆಯುತ್ತದೆ, ಆದ್ದರಿಂದ ಸುತ್ತಲೂ ಒಮ್ಮೆ ಕಣ್ಣಾಡಿಸಿ. ಹಳೆಯ ಜಾಗಕ್ಕೆ ಪೂರ್ತಿ ಬರಲಿಲ್ಲ ಅಂತ ಎಳೆಯಬೇಡಿ. ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಬಯಲಾಗಿಯೇ ಉಳಿದರೂ ಪರವಾಗಿಲ್ಲ, ಎಳೆದರೆ ಪದರಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. "ಸಾಕು ಬಿಡು ಮಗಾ" ಅಂತ ಅಜ್ಜಿ ನಾಲ್ಕು ಸಲ ಹೇಳುತ್ತಾರೆ. ನಿಧಾನಕ್ಕೇ ಮಾಡಿ.

ಡ್ರೆಸ್ಸಿಂಗ್ ವಿಷಯದಲ್ಲಿ ನನ್ನದು ಹಟವೇ: ಒಳಮೈಯಲ್ಲಿ ಸಿಲಿಕೋನ್ ಇರುವುದನ್ನೇ ಕೊಳ್ಳಿ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ತೆಗೆಯುವಾಗ ಚರ್ಮ ಜೊತೆಗೆ ಬರುವುದಿಲ್ಲ. ಸಿಗದಿದ್ದರೆ ಪ್ಯಾರಾಫಿನ್ ಗಾಜ್ (ಮೇಣದಂಥ ಜಿಡ್ಡು ಸವರಿದ ಗಾಜ್ ಬಟ್ಟೆ) ಇಟ್ಟು, ಮೇಲೆ ಗಾಜ್ ರೋಲ್ ಸಡಿಲವಾಗಿ ಸುತ್ತಿ. ಟೇಪು ಅಂಟಿಸಬೇಕಾದ್ದು ಬ್ಯಾಂಡೇಜಿಗೆ, ಚರ್ಮಕ್ಕಲ್ಲ. ಪೇಪರ್ ಟೇಪು ಮೆದು ಅಂತ ಅಂಗಡಿಯವರು ಕೊಟ್ಟರೂ ಈ ಚರ್ಮಕ್ಕೆ ಅದೂ ಜೋರೇ. ಪದರ ಅಂಟಿಕೊಂಡಿರುವ ಕಡೆಯಿಂದ ಅದರ ತುದಿಯ ಕಡೆಗೆ ಡ್ರೆಸ್ಸಿಂಗಿನ ಮೇಲೆ ಪೆನ್ನಿನಲ್ಲಿ ಒಂದು ಬಾಣ ಎಳೆದು, ಪಕ್ಕದಲ್ಲಿ ತಾರೀಕು ಬರೆಯಿರಿ. ಬಿಚ್ಚುವವರು ಬಾಣದ ದಿಕ್ಕಿನಲ್ಲೇ ಬಿಚ್ಚಬೇಕು, ತಿರುಗಿಸಿ ಎಳೆದರೆ ಪದರ ಮತ್ತೆ ಎದ್ದು ಬರುತ್ತದೆ. ಮನೆಗೆ ಬರುವ ನರ್ಸ್ ಮಲಯಾಳ ಮಾತ್ರ ಬಲ್ಲವರು, ಅಜ್ಜಿಗೆ ಕನ್ನಡ, ತುಳು ಬಿಟ್ಟು ಬೇರೆ ಬಾರದು ಎಂಬಂಥ ಮನೆಗಳಲ್ಲಿ ಈ ಬಾಣ ತುಂಬ ಉಪಕಾರ.

ಸಿಲಿಕೋನ್ ಡ್ರೆಸ್ಸಿಂಗನ್ನು ರಸ ಸೋರದಿದ್ದರೆ ಐದು ದಿನ ಹಾಗೇ ಬಿಡಿ. ದಿನಾ ಬಿಚ್ಚಿ ನೋಡುವ ಕುತೂಹಲ ಬೇಡ. ಪ್ಯಾರಾಫಿನ್ ಗಾಜ್ ಬೇಗ ಒಣಗುತ್ತದೆ, ಎರಡು ಮೂರು ದಿನಕ್ಕೆ ಬದಲಿಸಬೇಕು, ಚೆನ್ನಾಗಿ ನೆನೆಸಿಯೇ ತೆಗೆಯಬೇಕು. ಮಳೆಗಾಲದಲ್ಲಿ ಡ್ರೆಸ್ಸಿಂಗ್ ಒದ್ದೆಯಾದರೆ ಮಾತ್ರ ಕಾಯಬೇಡಿ, ಅಂದೇ ಬದಲಿಸಿ.

ಪದರವೇ ಕಿತ್ತುಹೋಗಿದ್ದರೆ, ಅಥವಾ ಅದು ಕಪ್ಪಾಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಆದರೂ ಅಷ್ಟೇ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಟೆಟನಸ್ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ. ಹಾಸಿಗೆ ಹಿಡಿದವರಾದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದರೆ ದೀರ್ಘ ಕಾಯಿಲೆಯವರ ಆರೈಕೆ ಮಾಡುವ ನರ್ಸ್, ಮನೆಗೇ ಬರುತ್ತಾರೆ. ಕೇರಳ ಇದಕ್ಕೆ 2008ರಲ್ಲೇ ನೀತಿ ಮಾಡಿದೆ. ಹೆಸರು ಬರೆಸಿಕೊಳ್ಳಲು ಆಶಾ ಕಾರ್ಯಕರ್ತೆಯನ್ನು ಕೇಳಿ.

ಹರಿಯದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಆಸ್ಟ್ರೇಲಿಯಾದ ವೃದ್ಧಾಶ್ರಮಗಳಲ್ಲಿ ದಿನಕ್ಕೆರಡು ಸಲ ಕೈಕಾಲಿಗೆ ಮಾಯಿಶ್ಚರೈಸರ್ ಹಚ್ಚಿದ್ದಕ್ಕೇ ಇಂಥ ಗಾಯಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಪರಿಮಳದ ಲೋಷನ್ ಬೇಡ, ವಾಸನೆಯಿಲ್ಲದ ಕ್ರೀಮ್ ತನ್ನಿ. ಮನೆಯ ತೆಂಗಿನೆಣ್ಣೆಯೂ ಆಗುತ್ತದೆ, ಆದರೆ ಅಭ್ಯಂಗದ ಹಾಗೆ ತಿಕ್ಕದೆ, ರೋಮ ಮಲಗಿರುವ ದಿಕ್ಕಿನಲ್ಲಿ ಸವರಿ. ಬಚ್ಚಲ ಹಂಡೆಯ ಸುಡುನೀರು, ಕಡ್ಲೆಹಿಟ್ಟಿನ ತಿಕ್ಕಾಟ ನಿಲ್ಲಿಸಿ. ಬೈರಾಸಿನಲ್ಲಿ ಉಜ್ಜದೆ ಒತ್ತಿ ಒರೆಸಿ. ಹಳೆಯ ಹತ್ತಿ ಕಾಲುಚೀಲದ ಮುಂಭಾಗ ಕತ್ತರಿಸಿದರೆ ಮುಂಗೈಗೆ ಒಳ್ಳೆಯ ತೋಳುಚೀಲ, ರಬ್ಬರ್ ಬಿಗಿ ಇರಬಾರದು ಅಷ್ಟೇ. ಎಬ್ಬಿಸುವಾಗ ರಟ್ಟೆ ಹಿಡಿದು ಎಳೆಯದೆ ಬೆನ್ನ ಹಿಂದೆ ಅಂಗೈ ಕೊಟ್ಟು ಎತ್ತಿ. ಅದಕ್ಕೆ ಮೊದಲು ನಿಮ್ಮ ಬಳೆ, ಉಂಗುರ, ವಾಚು ತೆಗೆದಿಡಿ, ಉಗುರನ್ನೂ ಕತ್ತರಿಸಿಕೊಳ್ಳಿ.