ಟೈಲ್ಸ್ ಹಾಕೋಕ್ ಮುಂಚೆ ಶವರ್, ಬೇಸಿನ್ ವೇಸ್ಟ್ ಪೈಪ್ ಜೋಡ್ಸೋದು ಹೇಗೆ?

ಬಾತ್‌ರೂಮ್ ರಿನೋವೇಶನ್ ಅಂದ ತಕ್ಷಣ ಎಲ್ರೂ ಟೈಲ್ಸ್ ಅಂಗಡಿಗೆ ಓಡ್ತಾರೆ, ನಾನೂ ಓಡಿದ್ದೆ. ವೇಸ್ಟ್ ಪೈಪ್ ಬಗ್ಗೆ ಪ್ಲಂಬರ್ "ಅದೆಲ್ಲಾ ನಾನ್ ನೋಡ್ಕೋತೀನಿ ಸರ್" ಅಂದ್ರು, ನಾನೂ ಸುಮ್ನಾದೆ. ಆರು ತಿಂಗಳಾಗೋದ್ರೊಳಗೆ ಬೇಸಿನ್ನಲ್ಲಿ ಮುಖ ತೊಳೆದ್ರೆ ಶವರ್ ಕೆಳಗಿನ ಜಾಲಿಯಿಂದ ಸೋಪಿನ ನೊರೆ ಮೇಲೆ ಬರೋಕೆ ಶುರುವಾಯ್ತು, ಜೊತೆಗೆ ಗಬ್ಬು ವಾಸನೆ. ಹೊಸ ಟೈಲ್ಸ್ ಒಡೆದು ನೋಡಿದ್ರೆ ಪೈಪಿಗೆ ವಾಟಾನೇ ಇಲ್ಲ, ಬೇಸಿನ್ ಪೈಪನ್ನ ಟ್ರ್ಯಾಪ್ (ಜಾಲಿ ಕೆಳಗೆ ನೀರು ನಿಲ್ಲೋ ಬಟ್ಟಲು) ದಾಟಿದ ಮೇಲೆ, ಹೊರಗೆ ಹೋಗೋ ಲೈನಿಗೆ ಸೇರಿಸಿಬಿಟ್ಟಿದ್ರು.

ಅಲ್ಲಿ ಸೇರಿಸಿದ್ರೆ ಏನಾಗುತ್ತೆ ಅಂದ್ರೆ, ನೆಲದ ಟ್ರ್ಯಾಪ್ ಒಳಗೆ ಯಾವಾಗ್ಲೂ 50 ಎಂಎಂ ನೀರು ನಿಂತಿರಬೇಕು, ಚರಂಡಿ ವಾಸನೆ ತಡೆಯೋದು ಆ ನೀರೇ. ನಮ್ಮದು ಗೆಸ್ಟ್ ರೂಮು, ಶವರ್ ಬಳಸೋದು ಅಪರೂಪ, ಬೇಸಿನ್ ಮಾತ್ರ ದಿನಾ. ಬೇಸಿನ್ ನೀರು ಟ್ರ್ಯಾಪಿಗೆ ಬೀಳದೇ ಹಾಗೇ ಹೊರಗೆ ಹೋಗ್ತಿತ್ತು, ಟ್ರ್ಯಾಪ್ ಒಣಗ್ತಿತ್ತು. ಅದಕ್ಕೇ ಈಗ ಸಿಗೋ ಮಲ್ಟಿ ಫ್ಲೋರ್ ಟ್ರ್ಯಾಪ್ ತಗೊಳ್ಳಿ, ಅದರ ಪಕ್ಕದಲ್ಲಿ, ನೀರು ನಿಲ್ಲೋ ಮಟ್ಟಕ್ಕಿಂತ ಮೇಲೆ ಬೇರೆ ಇನ್‌ಲೆಟ್‌ಗಳಿರುತ್ತೆ. ಬೇಸಿನ್ ಪೈಪ್ ಅಲ್ಲಿಗೆ ಕೊಟ್ರೆ ನೀವು ಕೈ ತೊಳೆದಾಗೆಲ್ಲಾ ಟ್ರ್ಯಾಪ್ ತುಂಬ್ಕೊಳ್ಳುತ್ತೆ.

ಮೊದ್ಲು ಹೊರಗಡೆ ಗೋಡೆ ನೋಡಿ. ಹಳೇ ಮನೆಗಳಲ್ಲಿ ಎರಡು ಪೈಪ್ ಇಳಿದಿರುತ್ತೆ, ಕಮೋಡಿಂದು ಒಂದು, ಸ್ನಾನದ ನೀರಿಂದು ಇನ್ನೊಂದು, ಈ ಎರಡನೇದು ಕೆಳಗೆ ಗಲ್ಲಿ ಟ್ರ್ಯಾಪಿಗೆ (ಮನೆ ಹೊರಗೆ ನೆಲದಲ್ಲಿರೋ ಟ್ರ್ಯಾಪ್) ಬೀಳುತ್ತೆ. ನಿಮ್ಮ ಲೈನ್ ಹೋಗ್ಬೇಕಾದ್ದು ಅದಕ್ಕೆ. ಹತ್ರ ಇದೆ ಅಂತ ಕಮೋಡ್ ಪೈಪಿಗೆ ಚುಚ್ಚೋಕೆ ಬಿಡಬೇಡಿ.

ಪೈಪ್ ತಗೊಳ್ಳೋವಾಗ ಮೇಲೆ ಐಎಸ್ 13592, ಟೈಪ್ ಬಿ ಅಂತ ಪ್ರಿಂಟ್ ಇದೆಯಾ ನೋಡಿ. ಟೈಪ್ ಎ ತೆಳು, ಅದು ಮಳೆನೀರಿಗೆ, ಗಾಳಿ ಪೈಪಿಗೆ ಮಾತ್ರ. ಬೇಸಿನ್ನಿಂದ ಟ್ರ್ಯಾಪ್‌ವರೆಗೆ 40 ಇಲ್ಲಾ 50 ಎಂಎಂ ಪೈಪು, ಟ್ರ್ಯಾಪಿಂದ ಹೊರಗೆ 75 ಎಂಎಂ.

ಈಗ ಟ್ರ್ಯಾಪ್ ಕೂರಿಸೋದು. ಗಾರೆ, ಟೈಲ್ಸ್ ಎರಡರ ದಪ್ಪ ಲೆಕ್ಕ ಹಾಕಿ, ಜಾಲಿ ಕೂತ ಮೇಲೆ ಅದು ಟೈಲ್ಸಿಗಿಂತ ಒಂಚೂರು ಕೆಳಗೇ ಇರಬೇಕು. ಲೈನಿಗೆ 40ಕ್ಕೆ 1ರಂತೆ ವಾಟ ಕೊಡಿ, ಅಂದ್ರೆ ಐದಡಿ ಪೈಪಿಗೆ ಒಂದೂವರೆ ಇಂಚು ಇಳಿಜಾರು. ಕಣ್ಣಂದಾಜು ಬೇಡ, ಲೆವೆಲ್ ಟ್ಯೂಬ್ ಹಿಡಿಸಿ. ಆಮೇಲೆ ಪೈಪ್ ಕೆಳಗೆ ಅಲ್ಲಲ್ಲಿ ಇಟ್ಟಿಗೆ ಇಟ್ಟು ಗಾರೆ ಹಾಕಿಸಿ, ಇಲ್ಲಾಂದ್ರೆ ಸಂಕನ್ (ಪೈಪ್ ಹಾಕೋಕೆ ಅಂತ ತಗ್ಗಾಗಿ ಬಿಟ್ಟಿರೋ ಬಾತ್‌ರೂಮ್ ನೆಲ) ತುಂಬೋವಾಗ ಕೆಲಸದವ್ರು ಮೇಲೆ ನಿಂತ್ರೆ ಪೈಪ್ ಮಧ್ಯ ಬಾಗುತ್ತೆ, ಕೊಟ್ಟ ವಾಟ ಎಲ್ಲಾ ಹೋಯ್ತು. ತಿರುವಿನಲ್ಲಿ ಒಂದು 90 ಡಿಗ್ರಿ ಎಲ್ಬೋ ಬದ್ಲು ಎರಡು 45ರ ಬೆಂಡ್ ಹಾಕಿ, ಕೂದಲು ಸಿಕ್ಕಿಹಾಕ್ಕೊಳ್ಳೋದು ಕಮ್ಮಿ.

ಬೇಸಿನ್ ಪೈಪ್ ಗೋಡೆಯಿಂದ ಹೊರಬರೋ ಜಾಗ ನೆಲದ ಟೈಲ್ಸಿಂದ 18ರಿಂದ 20 ಇಂಚು ಎತ್ತರಕ್ಕಿರಲಿ, ಬಾಟಲ್ ಟ್ರ್ಯಾಪ್ (ಬೇಸಿನ್ ಕೆಳಗೇ ಹಾಕೋ ಚಿಕ್ಕ ಟ್ರ್ಯಾಪ್) ಸರಿಯಾಗಿ ಕೂರುತ್ತೆ. ನೆಲದಲ್ಲಿ ಟ್ರ್ಯಾಪ್ ಇರೋವಾಗ ಇಲ್ಲಿ ಮತ್ಯಾಕೆ ಅಂತ ನಾನೂ ಕೇಳಿದ್ದೆ. ಗೋಡೆ ಒಳಗಿನ ಪೈಪಲ್ಲಿ ಸೋಪಿನ ಜಿಡ್ಡು ಕೂತು ಅದೇ ವಾಸನೆ ಹೊಡೆಯುತ್ತೆ, ಜಿರಲೆ ಬೇರೆ, ಅದಕ್ಕೆ ಬೇಕು. ಎರಡು ಟ್ರ್ಯಾಪ್ ಮಧ್ಯೆ ಗಾಳಿ ಕಟ್ಟಿಕೊಳ್ಳಲ್ಲ, ಜಾಲಿ ಕಡೆ ತೆರೆದಿರುತ್ತಲ್ಲ.

ಅಂಟಿಸೋಕ್ ಮುಂಚೆ ಎಲ್ಲಾ ಒಣದಾಗಿ ಜೋಡಿಸಿ ನೋಡಿ, ಕಟ್ ಮಾಡಿದ ತುದಿ ಉಜ್ಜಿ, ಪೈಪು ಫಿಟ್ಟಿಂಗ್ ಎರಡಕ್ಕೂ ಸಾಲ್ವೆಂಟ್ ಹಚ್ಚಿ ಸ್ವಲ್ಪ ಹೊತ್ತು ಅದುಮಿ ಹಿಡೀರಿ.

ಮಾರನೇ ದಿನ ತುದಿ ಮುಚ್ಚಿ ಪೈಪ್ ತುಂಬ ನೀರು ನಿಲ್ಲಿಸಿ, ಒಂದೊಂದು ಜಾಯಿಂಟನ್ನೂ ಒಣಗಿದ ಬಟ್ಟೆಯಿಂದ ಒರೆಸಿ ನೋಡಿ. ಅದಾದ್ಮೇಲೆ ವಾಟರ್‌ಪ್ರೂಫಿಂಗ್, ಟ್ರ್ಯಾಪಿನ ಕುತ್ತಿಗೆ ಸುತ್ತ ಸ್ವಲ್ಪ ಜಾಸ್ತಿನೇ ಹಚ್ಚಿಸಿ, ಲೀಕ್ ಆಗೋದು ಸಾಮಾನ್ಯವಾಗಿ ಅಲ್ಲೇ. ಅದು ಒಣಗಿದ್ಮೇಲೆ ಸಂಕನ್ನಲ್ಲಿ 48 ಗಂಟೆ ನೀರು ಕಟ್ಟಿ, ಗೋಡೆ ಮೇಲೆ ಪೆನ್ಸಿಲಲ್ಲಿ ಮಟ್ಟ ಗುರುತು ಮಾಡಿ, ಕೆಳಗಿನ ಮನೆಯವ್ರ ಸೀಲಿಂಗೂ ಹೋಗಿ ನೋಡ್ಕೊಂಡು ಬನ್ನಿ. ಮುಚ್ಚೋಕ್ ಮುಂಚೆ ಪೈಪ್ ಪಕ್ಕ ಟೇಪ್ ಹಿಡಿದು ಮೊಬೈಲಲ್ಲಿ ಫೋಟೋ ತೆಗೀರಿ. ಕೊನೇಗೆ ಜಾಲಿಯನ್ನ ಬಿಳಿ ಸಿಮೆಂಟ್ ಹಾಕಿ ಅಂಟಿಸೋಕೆ ಬಂದ್ರೆ ಬೇಡ ಅನ್ನಿ, ಅದು ಎತ್ತೋಕೆ ಬರಬೇಕು.