ಘಟ್ಟದ ಮೇಲೂ ಕೆಳಗೂ ಡಿಬಿಎಸ್: ನರರೋಗ ವೈದ್ಯನೊಬ್ಬನ ಅನುಭವ

ಪಾರ್ಕಿನ್ಸನ್ ರೋಗಿಯ ಮಿದುಳಿನ ಆಳಕ್ಕೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಕೂರಿಸಿದ ಬ್ಯಾಟರಿಯಿಂದ ಅದಕ್ಕೆ ವಿದ್ಯುತ್ ಹರಿಸುವ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಚಿಕಿತ್ಸೆಯಲ್ಲಿ ರಂಧ್ರ ಕೊರೆಯುವುದು ನರಶಸ್ತ್ರಚಿಕಿತ್ಸಕರ ಕೆಲಸ. ಯಾರಿಗೆ ಇದು ಬೇಕು, ಯಾರಿಗೆ ಬೇಡ ಎಂದು ಆರಿಸುವುದು, ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಎಚ್ಚರವಿರುವ ರೋಗಿಯನ್ನು ಪರೀಕ್ಷಿಸುವುದು, ಆಮೇಲೆ ವರ್ಷಗಟ್ಟಲೆ ವಿದ್ಯುತ್ತಿನ ಪ್ರಮಾಣವನ್ನು ಹೊಂದಿಸುತ್ತ ಹೋಗುವುದು ನನ್ನ ಪಾಲಿನದು. ಶಿರಸಿ, ಕಾರವಾರಗಳ ರೋಗಿಗಳನ್ನು ನೋಡುತ್ತ ಬಂದಂತೆ, ಶಸ್ತ್ರಕ್ರಿಯೆಯ ಫಲ ಆಪರೇಷನ್ ಕೋಣೆಯಲ್ಲಿ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ಅದರ ಹಿಂದುಮುಂದಿನ ಕೆಲಸದಲ್ಲೇ ನಿರ್ಧಾರವಾಗುತ್ತದೆ ಎಂಬುದು ನನಗೆ ಖಚಿತವಾಗಿದೆ.

ಆಯ್ಕೆಗೆ ನಾನು ನೆಚ್ಚಿಕೊಂಡಿರುವುದು ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧವಾದ ಲೆವೊಡೋಪಾದ ಪರೀಕ್ಷೆಯನ್ನು. ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ನಡುಕ, ಬಿಗಿತ, ನಡಿಗೆಗಳಿಗೆ ಅಂಕ ಹಾಕಿ, ಅನಂತರ ರೂಢಿಗಿಂತ ತುಸು ಹೆಚ್ಚು ಮಾತ್ರೆ ಕೊಟ್ಟು ಮತ್ತೆ ಅಂಕ ಹಾಕುತ್ತೇನೆ. ಸುಧಾರಣೆ ಶೇ. 30ಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂದಿನ ಮಾತು. ನಡುಕವೊಂದನ್ನು ಬಿಟ್ಟರೆ, ಮಾತ್ರೆಗೆ ಬಗ್ಗದ ಲಕ್ಷಣಗಳು ತಂತಿಗೂ ಸಾಮಾನ್ಯವಾಗಿ ಬಗ್ಗುವುದಿಲ್ಲ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೂ ತೋಟದ ಸಂಕ ದಾಟುತ್ತ ತೋಲ ತಪ್ಪಿ ಬೀಳುವವರಿಗೆ ಶಸ್ತ್ರಕ್ರಿಯೆಯಾದ ಮೇಲೂ ಆ ಭಯ ತಪ್ಪದು. ಇದನ್ನು ಮನೆಯವರೆಲ್ಲರನ್ನೂ ಕೂರಿಸಿಕೊಂಡು ಹೇಳಬೇಕಾಗುತ್ತದೆ, ಏಕೆಂದರೆ ಲಕ್ಷಗಟ್ಟಲೆ ಖರ್ಚು ಮಾಡಲು ಹೊರಟ ಮಕ್ಕಳು ಅಪ್ಪ ಮೊದಲಿನಂತೆಯೇ ಆಗುತ್ತಾರೆಂದು ನಂಬಿಕೊಂಡೇ ಬಂದಿರುತ್ತಾರೆ.

ಪರೀಕ್ಷೆಗೆ ಮೊದಲು ನಾನು ತಪ್ಪದೆ ಕೇಳುವ ಪ್ರಶ್ನೆ ನಸುಗುನ್ನಿಯದು. ಕಂಪವಾತಕ್ಕೆ ಅದರ ಬೀಜದ ಪುಡಿ ತೆಗೆದುಕೊಳ್ಳುವವರು ನಮ್ಮಲ್ಲಿ ಇದ್ದಾರೆ, ಮತ್ತು ಅದು ಬರಿಯ ನಂಬಿಕೆಯ ಮಾತಲ್ಲ. ಆ ಬೀಜದಿಂದ ಲೆವೊಡೋಪಾವನ್ನು 1937ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಮಾತ್ರೆ ನಿಲ್ಲಿಸಿ ಪುಡಿಯನ್ನು ಮುಂದುವರಿಸಿದರೆ ಪರೀಕ್ಷೆಯ ಮೊದಲ ಅಂಕವೇ ಸುಳ್ಳಾಗುತ್ತದೆ. ಕವಳ ಹಾಕುವವರಲ್ಲಿ ಅಡಿಕೆಯ ಅರಿಕೋಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯ ಪರಿಣಾಮಕ್ಕೆ ವಿರುದ್ಧವಾಗಿ ಕೆಲಸ ಮಾಡುವುದರಿಂದ ಅದನ್ನೂ ವಿಚಾರಿಸುತ್ತೇನೆ. ಅಡಿಕೆ ಬೆಳೆಗಾರರ ಎದುರು ಈ ಮಾತು ಅಷ್ಟೇನೂ ಪ್ರಿಯವಾಗುವುದಿಲ್ಲ.

ತಾಳಮದ್ದಳೆಯಲ್ಲಿ ಅರ್ಥ ಹೇಳುವ ರೋಗಿಯೊಬ್ಬರಿಗೆ ಪರೀಕ್ಷೆಯ ಅಂಕಗಳೆಲ್ಲ ಅನುಕೂಲವಾಗಿಯೇ ಬಂದವು. ಆದರೆ ಮಿದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಭಾಗಕ್ಕೆ ತಂತಿ ಹಾಕಿದ ಮೇಲೆ ಪದಗಳು ಥಟ್ಟನೆ ಹೊಳೆಯುವ ಚುರುಕು ತುಸು ಕುಗ್ಗುವುದು ಸಾಮಾನ್ಯವಾಗಿ ಕಂಡುಬಂದಿರುವ ಸಂಗತಿ. ಉಳಿದವರು ಗಮನಿಸದೆಯೇ ಇರಬಹುದಾದ ಈ ಕೊರತೆ, ಎದುರಿನ ಅರ್ಥಧಾರಿಗೆ ಕ್ಷಣದಲ್ಲಿ ಉತ್ತರ ಕೊಡಬೇಕಾದವರಿಗೆ ಸಣ್ಣದಲ್ಲ. ಅವರು ಶಸ್ತ್ರಕ್ರಿಯೆಯನ್ನು ಮುಂದೂಡಿದರು, ನಾನೂ ಒತ್ತಾಯಿಸಲಿಲ್ಲ.

ಶಸ್ತ್ರಕ್ರಿಯೆಯ ದಿನ ತಲೆಗೆ ಲೋಹದ ಚೌಕಟ್ಟನ್ನು ನಾಲ್ಕು ಮೊಳೆಗಳಿಂದ ಬಿಗಿದು, ಎಂಆರ್‌ಐ ಮತ್ತು ಸಿಟಿ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ಗುರಿಯ ಲೆಕ್ಕ ಹಾಕುತ್ತಾರೆ. ತಂತಿಯ ದಪ್ಪ ಒಂದೂಕಾಲು ಮಿಲಿಮೀಟರಿನಷ್ಟು. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಫಲವೇ ಬೇರೆ. ಅದಕ್ಕೂ ಮೊದಲು ಸೂಕ್ಷ್ಮ ವಿದ್ಯುದಗ್ರವನ್ನು ಇಳಿಸುತ್ತ ನರಕೋಶಗಳ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತೇವೆ: ಗುರಿ ಮುಟ್ಟಿದೊಡನೆ ತಗಡಿನ ಮಾಡಿನ ಮೇಲೆ ಮಳೆ ಜೋರಾದಂಥ ಸದ್ದು ಬರುತ್ತದೆ. ಅಲ್ಲಿಂದ ನನ್ನ ಕೆಲಸ. ವಿದ್ಯುತ್ ಏರಿಸುತ್ತ ಹೋದಂತೆ ಮಣಿಕಟ್ಟಿನ ಬಿಗಿತ ನನ್ನ ಕೈಯಲ್ಲೇ ಸಡಿಲವಾಗುವುದನ್ನು ನೋಡುತ್ತೇನೆ. ಚೈತ್ರದಿಂದ ಫಾಲ್ಗುಣದವರೆಗೆ ಮಾಸಗಳ ಹೆಸರು ಹೇಳಿಸುತ್ತೇನೆ. ಕಾರವಾರದ ಕಡೆಯವರಾದರೆ ಕೊಂಕಣಿಯಲ್ಲೇ ಮಾತಾಡಿಸುತ್ತೇನೆ, ಮಾತಿನ ಸೂಕ್ಷ್ಮ ತೊದಲು ಮನೆಮಾತಿನಲ್ಲಿ ಬೇಗ ಸಿಕ್ಕಿಬೀಳುತ್ತದೆ. ಬಾಯಿಯ ಅಂಚು ಎಳೆದು ನಾಲಗೆ ತೊದಲಿದರೆ ವಿದ್ಯುತ್ತು ಪಕ್ಕದ ಇಂಟರ್ನಲ್ ಕ್ಯಾಪ್ಸೂಲಿಗೆ, ಎಂದರೆ ಚಲನೆಯ ನರತಂತುಗಳು ಹಾದುಹೋಗುವ ದಾರಿಗೆ, ಹರಿಯುತ್ತಿದೆ ಎಂದು ಅರ್ಥ. ಮಿದುಳಿನಲ್ಲಿ ರಕ್ತಸ್ರಾವ ಮತ್ತು ಸೋಂಕಿನ ಅಪಾಯ ಕಡಿಮೆಯಾದರೂ ಇದ್ದೇ ಇದೆ, ಅದನ್ನು ಮುಚ್ಚಿಟ್ಟು ಯಾರನ್ನೂ ಒಪ್ಪಿಸುವುದಿಲ್ಲ.

ಯಂತ್ರವನ್ನು ನಾನು ಕೆಲವು ವಾರ ಬಿಟ್ಟೇ ಚಾಲೂ ಮಾಡುತ್ತೇನೆ, ಏಕೆಂದರೆ ತಂತಿ ಇಳಿಸಿದ್ದರಿಂದಲೇ ತಾತ್ಕಾಲಿಕ ಸುಧಾರಣೆ ಕಾಣಿಸಿಕೊಂಡು ಲೆಕ್ಕ ತಪ್ಪಿಸುತ್ತದೆ. ಸೆಕೆಂಡಿಗೆ 130 ಮಿಡಿತ, ಒಂದೊಂದು ಮಿಡಿತಕ್ಕೆ 60 ಮೈಕ್ರೋಸೆಕೆಂಡ್, ಇದು ಆರಂಭ. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನ ನರಶಸ್ತ್ರಚಿಕಿತ್ಸಕ ಬೆನಾಬಿದ್, ಹೀಗೆ ವೇಗವಾಗಿ ಮಿಡಿಯುವ ವಿದ್ಯುತ್ತಿನಿಂದ ನಡುಕ ನಿಲ್ಲುವುದನ್ನು ತೋರಿಸಿದ ಮೇಲೆಯೇ ಈ ಚಿಕಿತ್ಸೆ ಬೆಳೆದದ್ದು. ತಂತಿಯ ತುದಿಯ ಪ್ರತಿಯೊಂದು ಸಂಪರ್ಕಬಿಂದುವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅದೂ ರೋಗಿ ಮಾತ್ರೆ ಬಿಟ್ಟಿರುವಾಗ. ಜೊಯಿಡಾದಿಂದಲೋ ಯಲ್ಲಾಪುರದಿಂದಲೋ ಬರುವವರು ಮಾತ್ರೆಯಿಲ್ಲದೆ ಬಸ್ಸು ಹತ್ತಲಾರರು. ಆದ್ದರಿಂದ ಹಿಂದಿನ ದಿನವೇ ಶಿರಸಿಗೆ ಬಂದು, ನೆಂಟರ ಮನೆಯಲ್ಲಿ ಉಳಿದು, ಮಾತ್ರೆ ಬಿಟ್ಟು ಬೆಳಿಗ್ಗೆ ನನ್ನಲ್ಲಿಗೆ ಬರುವಂತೆ ಏರ್ಪಾಡು ಮಾಡುತ್ತೇನೆ. ಈ ಹೊಂದಾಣಿಕೆಗಾಗಿ ಪ್ರತಿ ಸಲವೂ ಬೆಂಗಳೂರಿಗೆ ಹೋಗಬೇಕಾದರೆ ಅರ್ಧಕ್ಕರ್ಧ ಜನ ಸರಿಯಾಗಿ ಹೊಂದದ ಯಂತ್ರದೊಂದಿಗೇ ದಿನ ದೂಡುತ್ತಾರೆಂಬುದು ನನ್ನ ಅಭಿಪ್ರಾಯ.

ಬ್ಯಾಟರಿಯ ಆಯ್ಕೆಯಲ್ಲಿ ಮಲೆನಾಡಿನ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೀಚಾರ್ಜ್ ಮಾಡುವ ಬ್ಯಾಟರಿ ಹದಿನೈದು ವರ್ಷದವರೆಗೂ ಬಾಳುತ್ತದೆ, ಮಾಡಲಾಗದ್ದನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಆದರೆ ಆಷಾಢದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಒಂಟಿಮನೆಯಲ್ಲಿ ಇನ್ವರ್ಟರ್ ಮತ್ತು ಅದನ್ನು ನೋಡಿಕೊಳ್ಳುವ ಕಿರಿಯರು ಇದ್ದರಷ್ಟೇ ನಾನು ಮೊದಲನೆಯದನ್ನು ಸೂಚಿಸುತ್ತೇನೆ. ಯಂತ್ರ ಥಟ್ಟನೆ ನಿಂತರೆ ಬಿಗಿತ ತೀವ್ರವಾಗಿ ಮರಳಿ, ನುಂಗುವುದೂ ಕಷ್ಟವಾಗಬಹುದು. ಅದು ತುರ್ತು ಸ್ಥಿತಿ.

ಕರಾವಳಿಯವರಿಗೆ ಹೇಳಲೇಬೇಕಾದದ್ದು ನೀರಿನ ವಿಚಾರ. ಡಿಬಿಎಸ್ ಆದ ಮೇಲೆ, ಚೆನ್ನಾಗಿ ಈಜುತ್ತಿದ್ದ ಒಂಬತ್ತು ಮಂದಿಗೆ ಈಜು ಬಾರದಾದದ್ದನ್ನು ಜ್ಯೂರಿಕ್‌ನ ವೈದ್ಯರು 2019ರಲ್ಲಿ ವರದಿ ಮಾಡಿದರು. ನಡಿಗೆ, ಕೈಚಳಕಗಳೆಲ್ಲ ಸುಧಾರಿಸಿದ್ದರೂ ಈಜಿನಲ್ಲಿ ಕೈಕಾಲುಗಳ ಹೊಂದಾಣಿಕೆ ತಪ್ಪಿತ್ತು. ಹುಟ್ಟಿದಂದಿನಿಂದ ಸಮುದ್ರದೊಡನೆ ಬಾಳಿದ ಅಂಕೋಲಾ, ಕಾರವಾರದ ಮೀನುಗಾರರಿಗೆ ಇದು ನಂಬಲಾಗದ ಮಾತು. ದೋಣಿಯಲ್ಲಿ ಲೈಫ್ ಜಾಕೆಟ್ ತೊಡದೆ ಹೋಗಕೂಡದು, ಮೊದಲು ಸೊಂಟಮಟ್ಟದ ನೀರಿನಲ್ಲಿ ಜೊತೆಗೊಬ್ಬರನ್ನು ಇಟ್ಟುಕೊಂಡು ಈಜಿ ನೋಡಬೇಕು ಎಂದು ಬರೆದೇ ಕೊಡುತ್ತೇನೆ. ಅದೇ ಚೀಟಿಯಲ್ಲಿ ಇನ್ನೆರಡು ಸಾಲುಗಳಿರುತ್ತವೆ: ದೋಣಿ ದುರಸ್ತಿಯ ಜಾಗದಲ್ಲಿ ಆರ್ಕ್ ವೆಲ್ಡಿಂಗ್‌ನಿಂದ ದೂರವಿರಬೇಕು; ಸೊಂಟನೋವಿಗೆಂದು ಯಾರೇ ಹೇಳಿದರೂ ಡಯಾಥರ್ಮಿ ಶಾಖ ಕೊಡಿಸಿಕೊಳ್ಳಬಾರದು, ಅದರ ಶಕ್ತಿ ತಂತಿಯ ಮೂಲಕ ಸಾಗಿ ಮಿದುಳಿನ ಅಂಗಾಂಶವನ್ನೇ ಸುಡಬಲ್ಲದು.