ಆರು ಸಾವಿರ ಹಳೆಯ ಕನ್ನಡ ಕೊಂಡಿಗಳನ್ನು ಉಳಿಸಿಕೊಂಡದ್ದು

"ಕನ್ನಡ ಅಕ್ಷರದ ಹಳೆಯ ವಿಳಾಸಗಳನ್ನು ಬಿಟ್ಟುಬಿಡಿ, ಯಾರು ನೋಡುತ್ತಾರೆ" ಎಂದವರೇ ಹೆಚ್ಚು, ನಾನು ತಾಣವೊಂದನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಹೊಸ ಆ್ಯಪ್‌ಗೆ ಸಾಗಿಸುವಾಗ. ಅವನ್ನು ಉಳಿಸಿಕೊಡಲು ಒಬ್ಬ ಸಲಹೆಗಾರರು 40 ಸಾವಿರ ರೂಪಾಯಿಯಷ್ಟು ಕೇಳಿದರು. ಅದೂ ಮುಖ್ಯ ಲೇಖನಗಳಿಗೆ ಮಾತ್ರ. ನಾನು ನೋಡಿಕೊಳ್ಳುವ ಪತ್ರಿಕೆಯ ತಾಣದಲ್ಲಿ ಹೆಚ್ಚುಕಡಿಮೆ 6 ಸಾವಿರ ಲೇಖನಗಳಿವೆ. ಓದುಗರಲ್ಲಿ ಅರ್ಧದಷ್ಟು ಮಂದಿ ಬರುವುದೇ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಕೊಂಡಿಗಳಿಂದ. ಅವೆಲ್ಲ ಈಗ ತಿಂಗಳಿಗೆ 500 ರೂಪಾಯಿ ಆಸುಪಾಸಿನ, 1 ಜಿಬಿ ಮೆಮೊರಿಯ ವಿಪಿಎಸ್ (ಬಾಡಿಗೆಯ ಪುಟ್ಟ ಸರ್ವರ್) ಒಂದರಲ್ಲಿ ಸರಿಯಾದ ಪುಟಕ್ಕೇ ಹೋಗುತ್ತಿವೆ.

ಮೊದಲು ಹಳೆಯ ಶೇರ್ಡ್ ಹೋಸ್ಟಿಂಗ್‌ನಲ್ಲೇ, ಎಂದರೆ ಹಲವು ತಾಣಗಳು ಹಂಚಿಕೊಳ್ಳುವ ಸರ್ವರ್‌ನಲ್ಲೇ ಹೆಣಗಿದೆ. ಅಲ್ಲಿನ ವೆಬ್ ಸರ್ವರ್ ತಂತ್ರಾಂಶ ಅಪಾಚೆ. ಹಳೆಯ ವಿಳಾಸಕ್ಕೆ ಹೊಸದನ್ನು ಜೋಡಿಸುವ ಅದರ ಪಟ್ಟಿಯಾದ ರಿರೈಟ್‌ಮ್ಯಾಪ್ ಅನ್ನು, ತಾಣದ ಫೋಲ್ಡರಿನಲ್ಲಿರುವ ಎಚ್‌ಟಿಆ್ಯಕ್ಸೆಸ್ ಕಡತದಲ್ಲಿ ಘೋಷಿಸಲು ಬರುವುದಿಲ್ಲ. ಸರ್ವರ್ ಸಂರಚನೆ ಕೈಯಲ್ಲಿರಬೇಕು. ಹಟಕ್ಕೆ ಬಿದ್ದು ಆರು ಸಾವಿರ ರಿರೈಟ್‌ರೂಲ್ (ವಿಳಾಸ ತಿರುಗಿಸುವ ನಿಯಮ) ಸಾಲುಗಳನ್ನು ಎಚ್‌ಟಿಆ್ಯಕ್ಸೆಸ್ ಒಳಗೇ ಸುರಿದೆ. ಆ ಕಡತವನ್ನು ಅಪಾಚೆ ಪ್ರತಿ ಕೋರಿಕೆಗೂ ಹೊಸದಾಗಿ ಓದುತ್ತದೆ, ಚಿತ್ರಗಳಿಗೂ ಸೇರಿ. ಪುಟ ತೆರೆಯಲು ನಾಲ್ಕೈದು ಸೆಕೆಂಡು. ವರ್ಷಕ್ಕೆ ಕಟ್ಟಿದ್ದ ಏಳೆಂಟು ಸಾವಿರ ಹೋದರೆ ಹೋಗಲಿ ಎಂದು ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ತಂತ್ರಾಂಶಕ್ಕೆ ಬಂದೆ.

ಇಲ್ಲಿ ಮ್ಯಾಪ್‌ಗೆ (ವಿಳಾಸ ಜೋಡಿಸುವ ಪಟ್ಟಿಗೆ) ಓದುಗ ಕೋರಿದ ವಿಳಾಸವಿರುವ ಯುಆರ್‌ಐ ಚರವನ್ನು ಕೊಡಬೇಕು, ರಿಕ್ವೆಸ್ಟ್ ಯುಆರ್‌ಐ ಅಲ್ಲ. ಕನ್ನಡ ವಿಳಾಸ ಜಾಲದಲ್ಲಿ %E0 ಥರದ ಶೇಕಡಾ ಚಿಹ್ನೆಗಳಾಗಿ ಬರುತ್ತದೆ, ಮೊದಲನೆಯದರಲ್ಲಿ ಅವೆಲ್ಲ ಬಿಚ್ಚಿಕೊಂಡಿರುತ್ತವೆ. ಹಾಗಾಗಿ ನನ್ನ ಮ್ಯಾಪ್ ಕಡತ ಅಚ್ಚ ಕನ್ನಡದಲ್ಲಿದೆ, ಕಣ್ಣಲ್ಲೇ ಓದಿ ತಿದ್ದಬಹುದು. ಆದರೆ ಎಂಜಿನ್‌ಎಕ್ಸ್ ಏಳಲೇ ಇಲ್ಲ. ಯುಟಿಎಫ್-8 ಎಂಬ ಅಕ್ಷರ ಸಂಕೇತನದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ (ಮೂಲಾಕ್ಷರ, ಗುಣಿತದ ಚಿಹ್ನೆ ಬೇರೆ ಬೇರೆ) 3 ಬೈಟ್. ಸ್ವಲ್ಪ ಉದ್ದದ ಶೀರ್ಷಿಕೆಯೇ ಮ್ಯಾಪ್ ತನ್ನ ಸಾಲುಗಳನ್ನು ಇಡುವ 64 ಬೈಟಿನ ಬಕೆಟ್ ದಾಟುತ್ತದೆ. ಹ್ಯಾಶ್ ಬಕೆಟ್ ಅಳತೆಯನ್ನು 256ಕ್ಕೆ ಏರಿಸಿ, ಹ್ಯಾಶ್ ಪಟ್ಟಿಯ 2048 ಇದ್ದ ಗರಿಷ್ಠ ಮಿತಿಯನ್ನೂ ಹಿಗ್ಗಿಸಿದ ಮೇಲೆ ಗೊಣಗಾಟ ನಿಂತಿತು.

ಶೀರ್ಷಿಕೆಯಿಂದ ಹೊಸದಾಗಿ ಸ್ಲಗ್ (ವಿಳಾಸದಲ್ಲಿ ಬರುವ ಶೀರ್ಷಿಕೆಯ ರೂಪ) ಕಟ್ಟಲು ಹೋಗಬೇಡಿ. ವರ್ಡ್‌ಪ್ರೆಸ್ ಸ್ಲಗ್ಗನ್ನು ಶೇಕಡಾ ರೂಪದಲ್ಲಿ 200 ಅಕ್ಷರಗಳಿಗೆ ಕತ್ತರಿಸುತ್ತದೆ. ನಮ್ಮ ಒಂದು ಸಂಕೇತ 9 ಅಕ್ಷರ ನುಂಗುವುದರಿಂದ ಉಳಿಯುವುದು 22 ಸಂಕೇತ. ಒತ್ತು, ಗುಣಿತ ಬಂದರೆ ಹತ್ತು ಹನ್ನೆರಡು ಅಕ್ಷರಕ್ಕೇ ಕತ್ತರಿ. ಡೇಟಾಬೇಸಿನ ಪೋಸ್ಟ್‌ನೇಮ್ ಕಾಲಮ್ಮಿನಿಂದಲೇ ತೆಗೆಯಿರಿ. ಸಂಪಾದಕರು ಬದಲಿಸಿದ ಹಳೆಯ ಸ್ಲಗ್‌ಗಳು ಪೋಸ್ಟ್‌ಮೆಟಾ ಕೋಷ್ಟಕದಲ್ಲಿ ಸಿಗುತ್ತವೆ. 'ಬ್ಯಾಂಕ್‌ಗೆ' ಎಂಬಲ್ಲಿ ಅಡಗಿರುವ ಕಾಣದ ನಾನ್‌ಜಾಯ್ನರ್ (ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಚಿಹ್ನೆ) ಕೆಲವು ಕೊಂಡಿಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಎರಡಕ್ಕೂ ಸಾಲು ಹಾಕಿದೆ. ನಡುವೆ ತುಂಡಾಗಿ ಬರುವ ಕೊಂಡಿಗಳನ್ನು ಗುರುತಿಸುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಹೇಳುವುದಿಲ್ಲ, ಅದರಿಂದಲೇ ಎರಡು ಕೆಲಸ ಸಿಕ್ಕಿವೆ.

ಕೋರಿಕೆಯನ್ನು ಆ್ಯಪ್‌ಗೆ ದಾಟಿಸುವ ಪ್ರಾಕ್ಸಿ ಭಾಗದ ತೊಡಕುಗಳು ಹಲವರಿಗೆ ಗೊತ್ತಿರುವುದೇ: ಪ್ರಾಕ್ಸಿ‌ಪಾಸ್ ಸಾಲಿನ ಕೊನೆಯ ಸ್ಲ್ಯಾಶ್, ಮೂಲ ಕೋರಿಕೆ https ಎಂದು ಆ್ಯಪ್‌ಗೆ ತಿಳಿಸುವ ಫಾರ್ವರ್ಡೆಡ್ ಪ್ರೋಟೋ ಹೆಡರ್ ಕೊಡದಿದ್ದರೆ ಮುಗಿಯದ ಮರುನಿರ್ದೇಶನ. ನಡುವೆ ಒಂದು ರಾತ್ರಿ ಕ್ಯಾಡಿ ಎಂಬ ಮತ್ತೊಂದು ವೆಬ್ ಸರ್ವರನ್ನೂ ಹಚ್ಚಿ ನೋಡಿದೆ. https ಪ್ರಮಾಣಪತ್ರ ತಾನಾಗಿಯೇ ಬಂದದ್ದು ಬಹಳ ಹಿಡಿಸಿತು, ಆದರೆ ಮ್ಯಾಪ್ ಆಗಲೇ ಪಳಗಿತ್ತು, ಎಂಜಿನ್‌ಎಕ್ಸ್‌ಗೇ ಹಿಂದಿರುಗಿದೆ.

ತಲೆನೋವು ಕೊಟ್ಟದ್ದು ಕ್ಯಾಶ್, ಎಂದರೆ ಪುಟಗಳ ಪ್ರತಿಯನ್ನು ಎಂಜಿನ್‌ಎಕ್ಸ್ ಕೂಡಿಡುವ ಜಾಗ. ಒಂದು ಪುಟವೂ ಅದರಿಂದ ಬರುತ್ತಿರಲಿಲ್ಲ. ಹೊಸ ಆ್ಯಪ್ ಬಂದವರಿಗೆಲ್ಲ ಕುಕಿ ಅಂಟಿಸುತ್ತಿತ್ತು, ಕುಕಿ ಇರುವ ಉತ್ತರವನ್ನು ಎಂಜಿನ್‌ಎಕ್ಸ್ ಕೂಡಿಡುವುದಿಲ್ಲ. ಉತ್ತರದಲ್ಲಿ ಕುಕಿ ತರುವ ಹೆಡರನ್ನು ಕಡೆಗಣಿಸಲು ಹೇಳಿದರಷ್ಟೇ ಸಾಲದು, ಮರೆಮಾಡಲೂ ಹೇಳಬೇಕು. ಇಲ್ಲವಾದರೆ ಮೊದಲ ಓದುಗನ ಕುಕಿ ಊರಿಗೆಲ್ಲ ಹಂಚಿಹೋಗುತ್ತದೆ. ಲಾಗಿನ್ ಪುಟಗಳನ್ನು ಬೇರೆ ಲೊಕೇಶನ್‌ನಲ್ಲಿ, ಕ್ಯಾಶ್ ಇಲ್ಲದೆ ಇಟ್ಟಿದ್ದೇನೆ. ಈಗ ಹತ್ತರಲ್ಲಿ ಎಂಟು ಕೋರಿಕೆಗಳು ಆ್ಯಪ್ ತನಕ ಹೋಗುವುದೇ ಇಲ್ಲ. ಯೂಸ್ ಸ್ಟೇಲ್ ಎಂಬ ಆಯ್ಕೆ ಹಾಕಿರುವುದರಿಂದ ಆ್ಯಪ್ ಬಿದ್ದರೂ ಓದುಗರಿಗೆ ಹಳೆಯ ಪ್ರತಿ ಸಿಗುತ್ತದೆ. ಕಳೆದ ತಿಂಗಳು ಅದು ಅರ್ಧ ದಿನ ಬಿದ್ದಿತ್ತು, ಸಂಪಾದಕರಿಗೇ ತಿಳಿಯಲಿಲ್ಲ.